ಗಾಡಿ ನಿಲ್ಲಿಸಲು ಒಂದು ಜಾಗ

2014ರ ಜೂನ್ ಕೊನೆಯ ವಾರ. ಡೆನ್ವರ್ ನಗರದ ಹೊರವಲಯದಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಒಬ್ಬ ಹುಡುಗ ನನಗೂ ನನ್ನ ಹೆಂಡತಿಗೂ ಮುಕ್ಕಾಲು ಗಂಟೆ ಪಾಠ ಮಾಡಿದ. ಅದರಲ್ಲಿ ಓಡಿಸುವ ಬಗ್ಗೆ ಹೇಳಿದ್ದು ಐದೇ ನಿಮಿಷ. ಉಳಿದದ್ದೆಲ್ಲ ನಿಲ್ಲಿಸುವುದರ ಬಗ್ಗೆ. ನಿಲ್ಲಿಸಿದ ಮೇಲೆ ಕರೆಂಟಿನ ತಂತಿ ಎಲ್ಲಿ ಚುಚ್ಚಬೇಕು, ನೀರಿನ ಪೈಪು ಯಾವ ನಲ್ಲಿಗೆ ಜೋಡಿಸಬೇಕು, ಸ್ನಾನದ ನೀರಿನ ಟ್ಯಾಂಕು ಯಾವುದು, ಪಾಯಖಾನೆಯ ಟ್ಯಾಂಕು ಯಾವುದು, ಎರಡನ್ನೂ ಯಾವ ಕ್ರಮದಲ್ಲಿ ಖಾಲಿ ಮಾಡಬೇಕು (ಮೊದಲು ಪಾಯಖಾನೆಯದು, ಆಮೇಲೆ ಸ್ನಾನದ್ದು, ಸೋಪಿನ ನೀರು ಪೈಪನ್ನು ತೊಳೆದುಬಿಡುತ್ತದೆ), ಕಂಡಕಂಡಲ್ಲಿ ರಾತ್ರಿ ತಂಗಿದರೆ ಯಾರು ಬಂದು ಕಿಟಕಿ ಬಡಿಯುತ್ತಾರೆ. ನಮ್ಮ ಐಟಿ ಮೀಟಿಂಗುಗಳಲ್ಲಿ ಬಗೆಹರಿಯದ ವಿಷಯಗಳನ್ನೆಲ್ಲ ‘ಪಾರ್ಕಿಂಗ್ ಲಾಟ್’ಗೆ ಹಾಕುವ ರೂಢಿ ಇದೆ. ಹಾಗಾಗಿ ಪಾರ್ಕಿಂಗ್ ಎಂದರೆ ಎಲ್ಲಕ್ಕಿಂತ ಸುಲಭದ ಕೆಲಸ ಎಂದು ನಂಬಿದ್ದವನು ನಾನು.

ಗಾಡಿ ಇಪ್ಪತ್ತೈದು ಅಡಿ ಉದ್ದದ್ದು. ಡ್ರೈವರ್ ಸೀಟಿನ ತಲೆಯ ಮೇಲೊಂದು ಅಟ್ಟ, ಅಲ್ಲಿ ಮಕ್ಕಳಿಬ್ಬರು. ಹಿಂದೆ ಒಂದು ಮಂಚ, ಅದು ಆರು ತಿಂಗಳಿಗೆಂದು ಗದಗಿನಿಂದ ಬಂದಿದ್ದ ಅಪ್ಪ ಅವ್ವನಿಗೆ. ಊಟದ ಮೇಜನ್ನು ಇಳಿಸಿದರೆ ಅದೇ ನನಗೂ ಹೆಂಡತಿಗೂ ಹಾಸಿಗೆ. ಅವ್ವ ಒಳಗೆ ಹೋಗಿ ಎರಡು ನಿಮಿಷಕ್ಕೇ ಹೊರಗೆ ಬಂದಳು. “ಅಡಗಿ ಮನಿ ಬಾಜೂಕ ಪಾಯಖಾನಿ ಇಟ್ಟಾರಲ್ಲೋ, ಇವರಿಗೆ ಏನರ ಬುದ್ಧಿ ಐತೇನು?” ಎಂದಳು. ಏಳು ದಿನದ ಪ್ರವಾಸದಲ್ಲಿ ಅವಳು ಆ ಪಾಯಖಾನೆಯನ್ನು ಒಮ್ಮೆಯೂ ಬಳಸಲಿಲ್ಲ. ದಾರಿಯಲ್ಲಿ ಪ್ರತಿ ಪೆಟ್ರೋಲ್ ಬಂಕಿನಲ್ಲೂ ನಿಲ್ಲಿಸಿಸಿದಳು.

ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಕಲಿಸಿ ನಿವೃತ್ತರಾದ ಅಪ್ಪನಿಗೆ ಹಿಡಿಸಿದ್ದು ಫ್ರಿಜ್ಜು. ಅದರಲ್ಲಿ ಮೋಟರ್ ಇಲ್ಲ, ಗ್ಯಾಸಿನ ಸಣ್ಣ ಉರಿಯಿಂದಲೇ ತಣ್ಣಗಾಗುತ್ತದೆ ಎಂದರೆ ಅವರು ನಂಬಲೇ ಇಲ್ಲ. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಪ್ಲಾಟೆನ್ ಮತ್ತು ಮುಂಟರ್ಸ್, ಕಂಡುಹಿಡಿದ ವಿದ್ಯೆ ಅದು. ಅಮೋನಿಯವನ್ನು ಕಾಯಿಸಿ ನೀರಿನಿಂದ ಬಿಡಿಸುವುದು, ತಣಿಸಿ ದ್ರವ ಮಾಡುವುದು, ಜಲಜನಕದ ಜೊತೆ ಆವಿಯಾಗಲು ಬಿಟ್ಟು ಸುತ್ತಲಿನ ಶಾಖವನ್ನು ಎಳೆದುಕೊಳ್ಳುವುದು, ಕಡೆಗೆ ಮತ್ತೆ ನೀರಿಗೆ ಸೇರಿಸುವುದು. ಪಂಪಿಲ್ಲದೆ, ಬರೀ ಇಳಿಜಾರಿನ ಮೇಲೆ ಹರಿಯುವ ವ್ಯವಸ್ಥೆಯಾದ್ದರಿಂದ ಗಾಡಿ ಮಟ್ಟವಾಗಿ ನಿಲ್ಲದಿದ್ದರೆ ಕೆಲಸ ಕೆಡುತ್ತದೆ. ಇಷ್ಟು ತಿಳಿದಮೇಲೆ ಅಪ್ಪ ಪ್ರತಿ ಸಂಜೆ ಒಂದು ಲೋಟ ನೀರನ್ನು ಮೇಜಿನ ಮೇಲಿಟ್ಟು ಅದನ್ನೇ ರಸಮಟ್ಟ ಮಾಡಿಕೊಂಡು, “ಎಡಗಡೆ ಗಾಲಿಗೆ ಇನ್ನೊಂದು ಹಲಿಗಿ ಕೊಡು” ಎಂದು ಕಿಟಕಿಯಿಂದ ಕೂಗುತ್ತಿದ್ದರು.

ನಾವು ಹೊರಟದ್ದು ಯೆಲ್ಲೋಸ್ಟೋನಿಗೆ. ಲಾರಮಿ, ರಾಲಿನ್ಸ್ ದಾಟಿ ವಾಯೋಮಿಂಗಿನ ಬಯಲಿಗೆ ಬಿದ್ದರೆ ಗಾಳಿ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಸ್ಟಿಯರಿಂಗ್ ಹಿಡಿದ ಕೈ ಸಂಜೆಗೆ ನಡುಗುತ್ತಿತ್ತು. ಲ್ಯಾಂಡರ್ ಆದಮೇಲೆ ದಾರಿ ವಿಂಡ್ ರಿವರ್ ರಿಸರ್ವೇಶನ್ನಿನ ಒಳಗಿನಿಂದ ಹೋಗುತ್ತದೆ. ಫಲಕ ನೋಡಿ ಅಪ್ಪ, ಇದೇನು ಎಂದು ಕೇಳಿದರು. ಶೋಶೋನಿ ಜನ ಈ ಬೆಟ್ಟಬಯಲಲ್ಲೆಲ್ಲ ತಿರುಗಾಡಿಕೊಂಡಿದ್ದವರು, 1868ರಲ್ಲಿ ಸರ್ಕಾರ ಒಪ್ಪಂದ ಮಾಡಿಕೊಂಡು ಇಷ್ಟು ಜಾಗ ನಿಮ್ಮದು ಎಂದು ಗೆರೆ ಎಳೆಯಿತು, ಆಮೇಲೆ ಅರಾಪಹೋ ಜನರನ್ನೂ ಇಲ್ಲಿಗೇ ತಂದಿತು, ಗೆರೆ ದಾಟಿ ಮೊದಲಿನಂತೆ ತಿರುಗುವ ಹಾಗಿರಲಿಲ್ಲ ಎಂದು ಗೊತ್ತಿದ್ದಷ್ಟು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಇದು ಇವರ ಸೆಟ್ಲಮೆಂಟ್ ಅನ್ನು” ಎಂದರು.

ಗದಗ-ಬೆಟಗೇರಿಯಲ್ಲಿ ಬೆಳೆದವರಿಗೆ ಸೆಟ್ಲಮೆಂಟ್ ಎಂದರೆ ಒಂದು ಓಣಿಯ ಹೆಸರು. ಹುಬ್ಬಳ್ಳಿಯಲ್ಲೂ ಇದೆ. “ಸೆಟ್ಲಮೆಂಟ್ ಕಡೆ ಹೋಗಬ್ಯಾಡ” ಎಂದು ಚಿಕ್ಕಂದಿನಲ್ಲಿ ನನಗೂ ಹೇಳಿದ್ದರು, ಹೋಗಲಿಲ್ಲ. ಆ ಹೆಸರು ಯಾಕೆ ಬಂತು ಎಂದು ಕೇಳುವ ಬುದ್ಧಿಯೂ ಬರಲಿಲ್ಲ. ಎಂ.ಟೆಕ್. ಮುಗಿಸಿ, ಹತ್ತು ವರ್ಷ ಪುಣೆಯಲ್ಲಿದ್ದು, ಅಮೆರಿಕೆಯ ಬಯಲಲ್ಲಿ ಬಾಡಿಗೆಯ ಮನೆಯನ್ನು ಓಡಿಸುತ್ತಿರುವಾಗ ಅದು ಅಪ್ಪನ ಬಾಯಿಂದ ಬಂತು. ಅವರು ಕನ್ನಡ ಶಾಲೆಯ ಮೂರನೇ ಇಯತ್ತೆಯಲ್ಲಿದ್ದಾಗ ಸೆಟ್ಲಮೆಂಟಿನ ಹುಡುಗನೊಬ್ಬ ಜೊತೆಗಿದ್ದನಂತೆ. ಮಾಸ್ತರರು ಎಲ್ಲರನ್ನೂ ಲಕ್ಕುಂಡಿಗೆ ಕರೆದುಕೊಂಡು ಹೋದ ದಿನ ಅವನು ಬರಲಿಲ್ಲ. ಅವನಪ್ಪನಿಗೆ ಚೀಟಿ ಸಿಕ್ಕಿರಲಿಲ್ಲ. “ಆರು ಮೈಲು ದಾರಿಗೆ ಚೀಟಿ ಬೇಕಾಗಿತ್ತು ಅವರಿಗೆ” ಎಂದರು ಅಪ್ಪ. ಆಮೇಲೆ ಅದರ ಬಗ್ಗೆ ಮಾತಾಡಲಿಲ್ಲ. ಹಿಂದೆ ಮಕ್ಕಳು ಚಕ್ಕುಲಿಗಾಗಿ ಜಗಳವಾಡುತ್ತಿದ್ದರು.

ಮೋಟರ್‌ಹೋಮಿನ ಇತಿಹಾಸ ಓದುವ ಹುಚ್ಚು ಹತ್ತಿದ್ದು ಆ ಪ್ರವಾಸದಿಂದ ಮರಳಿದ ಮೇಲೆ. ಎಂಜಿನು, ಮಾಡೆಲ್ಲು, ಮೈಲೇಜು ಎಲ್ಲ ಓದಿದೆ. ಓದಿದಷ್ಟೂ ಆ ಅಂಗಡಿಯ ಹುಡುಗ ಹೇಳಿದ್ದೇ ಸರಿ ಎನಿಸುತ್ತ ಹೋಯಿತು. ಈ ಗಾಡಿಯ ಕಥೆ ಓಡುವುದರದ್ದಲ್ಲ, ನಿಲ್ಲುವುದರದ್ದು. ಯಾರು, ಎಲ್ಲಿ, ಯಾರ ಅಪ್ಪಣೆಯಿಂದ ನಿಲ್ಲಬಹುದು ಎಂಬುದರದ್ದು.

ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಸಾಮಾನ್ಯವಾಗಿ ಹೇಳುವುದು ‘ವಾಂಡರರ್’ ಎಂಬ ಕುದುರೆಗಾಡಿಯನ್ನು. ಅದರ ಒಡೆಯ ಡಾಕ್ಟರ್ ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದು ನಿವೃತ್ತನಾಗಿ ಹುಡುಗರಿಗೆ ಸಾಹಸದ ಕಥೆಗಳನ್ನು ಬರೆಯುತ್ತಿದ್ದವನು. ಬ್ರಿಸ್ಟಲ್ಲಿನ ರೈಲುಗಾಡಿ ತಯಾರಿಸುವ ಕಂಪನಿಗೆ ಹೇಳಿ, ಮಹಾಗನಿ ಮರದಲ್ಲಿ ಸುಮಾರು ಹದಿನೆಂಟು ಅಡಿ ಉದ್ದದ ಬಂಡಿ ಮಾಡಿಸಿದ. 1885ರ ಬೇಸಿಗೆಯಲ್ಲಿ ಇಂಗ್ಲೆಂಡಿನ ದಕ್ಷಿಣದ ಟ್ವೈಫರ್ಡಿನಿಂದ ಸ್ಕಾಟ್ಲೆಂಡಿನ ಉತ್ತರದ ಇನ್ವರ್ನೆಸ್‌ವರೆಗೆ ಅದರಲ್ಲಿ ಹೋದ. ಎರಡು ಕುದುರೆ, ಒಂದು ನಾಯಿ, ಒಂದು ಗಿಳಿ, ಬಂಡಿ ಹೊಡೆಯಲು ಒಬ್ಬ ಆಳು, ಸೇವೆಗೆ ಇನ್ನೊಬ್ಬ. ಆ ಇನ್ನೊಬ್ಬ ಮೂರುಗಾಲಿಯ ಸೈಕಲ್ಲಿನಲ್ಲಿ ಮುಂದೆ ಮುಂದೆ ಹೋಗಿ, ದೊಡ್ಡ ಬಂಡಿ ಬರುತ್ತಿದೆ ಎಂದು ದಾರಿಯವರಿಗೆ ಎಚ್ಚರಿಕೆ ಕೊಡಬೇಕು. (ರಜೆಯ ಸುಖ ಯಾರದೋ, ಪೆಡಲ್ ತುಳಿಯುವುದು ಯಾರೋ. ನಮ್ಮ ವೃತ್ತಿಯಲ್ಲಿ ಇದಕ್ಕೆ ಹೊಸ ಹೆಸರುಗಳಿವೆ.) ರಾತ್ರಿಯಾದರೆ ಯಾವುದಾದರೂ ಪಾಂಥಶಾಲೆಯ ಹಿಂದಿನ ಹುಲ್ಲುಗಾವಲು, ಇಲ್ಲವೇ ರೈತನೊಬ್ಬನ ಹೊಲ. ಡಾಕ್ಟರ್ ಸಾಹೇಬರು ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಮರುವರ್ಷ ಆತ ಬರೆದ ಪ್ರವಾಸ ಪುಸ್ತಕ ಎಷ್ಟು ಜನರನ್ನು ಮರುಳು ಮಾಡಿತೆಂದರೆ, 1907ರಲ್ಲಿ ಅಲ್ಲಿ ಕ್ಯಾರವಾನ್ ಕ್ಲಬ್ ಶುರುವಾದಾಗ ಆತನನ್ನೇ ಉಪಾಧ್ಯಕ್ಷನನ್ನಾಗಿ ಮಾಡಿಕೊಂಡರು. ಬಂಡಿಯನ್ನು ಇಂದಿಗೂ ಜೋಪಾನ ಮಾಡಿದ್ದಾರೆ.

ಆತನಿಗೆ ‘ಜಂಟಲ್‌ಮನ್ ಜಿಪ್ಸಿ’ ಎಂಬ ಹೆಸರು ಬಿತ್ತು. ಆ ಮೊದಲ ಪದ ಸುಮ್ಮನೆ ಬಂದದ್ದಲ್ಲ. ಬರೀ ಜಿಪ್ಸಿಗಳೂ ಅದೇ ರಸ್ತೆಗಳಲ್ಲಿದ್ದರು. ಸುಮಾರು ಸಾವಿರ ವರ್ಷದ ಹಿಂದೆ ನಮ್ಮ ಕಡೆಯಿಂದ ಪಶ್ಚಿಮಕ್ಕೆ ಹೋದವರ ಸಂತತಿ ಅವರು. ರೋಮಾನಿ ಭಾಷೆಯಲ್ಲಿ ನೀರಿಗೆ ಇವತ್ತಿಗೂ ‘ಪಾನಿ’, ಮೂಗಿಗೆ ‘ನಾಕ್’. ಮರಾಠಿ ಬಲ್ಲ ನಮ್ಮ ಪುಣೆಯ ಗೆಳೆಯರಿಗೆ ಇದನ್ನು ಅನುವಾದಿಸಬೇಕಾಗಿಲ್ಲ. ಸ್ಟೇಬಲ್ಸ್ ಸಾಹೇಬ ಗಿಳಿಯ ಜೊತೆ ವಿಹಾರ ಹೊರಟ ಅದೇ ದಶಕದಲ್ಲಿ ಜಾರ್ಜ್ ಸ್ಮಿತ್ ಎಂಬ ಸುಧಾರಕ, ಚಲಿಸುವ ಮನೆಗಳನ್ನೆಲ್ಲ ನೋಂದಾಯಿಸಬೇಕು, ಅಧಿಕಾರಿಗಳು ಒಳಗೆ ಹೊಕ್ಕು ತಪಾಸಣೆ ಮಾಡಬೇಕು ಎಂದು ಪಾರ್ಲಿಮೆಂಟಿನಲ್ಲಿ ಮತ್ತೆ ಮತ್ತೆ ಮಸೂದೆ ತರಿಸುತ್ತಿದ್ದ. ಮಕ್ಕಳು ಶಾಲೆ ಕಲಿಯಲಿ ಎಂಬ ಕಾಳಜಿ ಅವನದು, ಸುಳ್ಳಲ್ಲ. ಆದರೆ ಬಂಡಿಯಲ್ಲೇ ಸಂಸಾರ ಮಾಡಿಕೊಂಡು ಜಾತ್ರೆಯಿಂದ ಜಾತ್ರೆಗೆ ಹೋಗುವ ಆಟದವರು ಹೆದರಿ 1889ರಲ್ಲಿ ಒಂದು ಸಂಘವನ್ನೇ ಕಟ್ಟಿಕೊಂಡು ಹೋರಾಡಿದರು. ಮಸೂದೆ ಕಾಯಿದೆಯಾಗಲಿಲ್ಲ.

ಅಲ್ಲಿ ಆಗದ್ದು ಇಲ್ಲಿ ಮೊದಲೇ ಆಗಿತ್ತು. ಅದೇ ಸಾಮ್ರಾಜ್ಯ 1871ರಲ್ಲಿ ಭಾರತದಲ್ಲಿ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ತಂದಿತು. ಹುಟ್ಟಿದ ಜಾತಿಯಿಂದಲೇ ಮನುಷ್ಯ ಅಪರಾಧಿ. ಮೊದಲು ಉತ್ತರ ಭಾರತಕ್ಕಿದ್ದದ್ದನ್ನು 1911ರ ಕಾಯಿದೆ ಎಲ್ಲೆಡೆಗೆ ಹರಡಿತು. ಕತ್ತೆ, ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ಸುತ್ತುತ್ತಿದ್ದ ಸಮುದಾಯಗಳ ಜೀವನವನ್ನು ರೈಲು ಆಗಲೇ ಮುರಿದಿತ್ತು. ಕೆಲಸ ಹೋದ ಮೇಲೂ ತಿರುಗುತ್ತಿದ್ದದ್ದು ಗುಮಾನಿಗೆ ಕಾರಣವಾಯಿತು. ಮುಂಬಯಿ ಪ್ರಾಂತದಲ್ಲಿ ಬಿಜಾಪುರ, ಗದಗ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟುಗಳಾದವು. ಗಂಟಿಚೋರ, ಹರಣಶಿಕಾರಿ, ಕೊರವ ಮುಂತಾದವರನ್ನು ಒಳಗಿಟ್ಟರು. ಸೊಲ್ಲಾಪುರದ್ದಕ್ಕೆ ತಂತಿಬೇಲಿ, ಹೊತ್ತಿಗೊಮ್ಮೆ ಹಾಜರಿ, ದುಡಿಮೆಗೆ ಹತ್ತಿರದ ಬಟ್ಟೆ ಗಿರಣಿ. ಹೊರಗೆ ಹೋಗಲು ಚೀಟಿ. ಮುಂಬಯಿ ಪ್ರಾಂತ ಈ ಕಾಯಿದೆಯನ್ನು ತೆಗೆದುಹಾಕಿದ್ದು 1949ರಲ್ಲಿ, ದೇಶ ತೆಗೆದುಹಾಕಿದ್ದು 1952ರಲ್ಲಿ. ಲಕ್ಕುಂಡಿಗೆ ಬಾರದ ಆ ಹುಡುಗ ಆಗ ಎಷ್ಟನೇ ಇಯತ್ತೆಯಲ್ಲಿದ್ದನೋ.

ಅಮೆರಿಕೆಯಲ್ಲಿ ಕುದುರೆಯ ಜಾಗಕ್ಕೆ ಎಂಜಿನು ಬಂತು. 1910ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಪಿಯರ್ಸ್-ಆ್ಯರೋ ಕಂಪನಿ ಇಟ್ಟ ಕಾರಿನಲ್ಲಿ ಹಿಂದಿನ ಸೀಟು ಮಂಚವಾಗುತ್ತಿತ್ತು, ಡ್ರೈವರಿನ ಸೀಟಿನ ಬೆನ್ನಿನಿಂದ ಕೈತೊಳೆಯುವ ಬೋಗುಣಿ ಹೊರಬರುತ್ತಿತ್ತು, ಡ್ರೈವರಿನ ಜೊತೆ ಮಾತಾಡಲು ಟೆಲಿಫೋನ್ ಇತ್ತು. ಆದರೆ ಕುಟುಂಬವೊಂದು ಮನೆಯನ್ನೇ ಮೋಟರಿನ ಮೇಲೆ ಹೇರಿಕೊಂಡು ದೇಶ ದಾಟಿದ ಕಥೆ 1915ರದ್ದು. ಬಸ್ಸು ತಯಾರಿಸುವ ಕಂಪನಿಯ ಮಾಲೀಕ ರೋಲಂಡ್ ಕಾಂಕ್ಲಿನ್ ತನ್ನ ಹೆಂಡತಿ ಮಕ್ಕಳಿಗಾಗಿ ಇಪ್ಪತ್ತೈದು ಅಡಿ ಉದ್ದದ, ಎಂಟು ಟನ್ ಭಾರದ ಗಾಡಿ ಮಾಡಿಸಿದ. ಒಳಗೆ ಅಡುಗೆಮನೆ, ಸ್ನಾನದ ವ್ಯವಸ್ಥೆ, ಪುಸ್ತಕದ ಕಪಾಟು. ಮೇಲೆ ಕೂರಲು ಮಹಡಿ. ನ್ಯೂಯಾರ್ಕಿನ ಲಾಂಗ್ ಐಲೆಂಡಿನಿಂದ ಹೊರಟು ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಪ್ರದರ್ಶನಕ್ಕೆ ಹೋದರು. ಪತ್ರಿಕೆಗಳು ಬೆರಗಾಗಿ ಬರೆದವು. ಕೋಟ್ಯಧೀಶನ ಆ ಗಾಡಿಗೆ ಇಟ್ಟ ಹೆಸರು ‘ಜಿಪ್ಸಿ ವ್ಯಾನ್’. ಆ ಹೆಸರಿನ ಜನರಿಗೆ ಊರೊಳಗೆ ಬಿಡಾರ ಹೂಡಲು ಎಷ್ಟು ಕಷ್ಟವಿತ್ತೋ, ಹೆಸರಿಗೆ ಅಷ್ಟೇ ಬೇಡಿಕೆ.

ಹೆನ್ರಿ ಫೋರ್ಡ್, ಎಡಿಸನ್, ಟೈರಿನ ಫೈರ್‌ಸ್ಟೋನ್ ಇವರೆಲ್ಲ ‘ಅಲೆಮಾರಿಗಳು’ ಎಂದು ತಮ್ಮನ್ನೇ ಕರೆದುಕೊಂಡು ಬೇಸಿಗೆಗೊಮ್ಮೆ ಕಾಡಿಗೆ ಹೋಗುತ್ತಿದ್ದರು. ಜೊತೆಗೆ ಅಡುಗೆಯ ಲಾರಿ, ಅಡುಗೆಯವರು, ಫೋಟೋದವರು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಕೂಡ ಬಂದು ಡೇರೆಯಲ್ಲಿ ಮಲಗಿದ. ಅದನ್ನು ಇಲ್ಲಿಗೇ ಬಿಡೋಣ. ನನಗೆ ಇಷ್ಟವಾದವರು ಟಿನ್ ಕ್ಯಾನ್ ಟೂರಿಸ್ಟರು. ಫೋರ್ಡಿನ ಅಗ್ಗದ ಕಾರಿನ ಹಿಂದೆ ತಾವೇ ಹಲಗೆ ಹೊಡೆದು ಗೂಡು ಮಾಡಿಕೊಂಡು ಚಳಿಗಾಲಕ್ಕೆ ಫ್ಲಾರಿಡಾಕ್ಕೆ ಹೋಗುತ್ತಿದ್ದ ಸಾಧಾರಣ ಜನ. 1919ರಲ್ಲಿ ಟ್ಯಾಂಪಾದ ಪಾರ್ಕೊಂದರಲ್ಲಿ ಸೇರಿ ಸಂಘ ಕಟ್ಟಿದರು. ಕಾರಿನ ರೇಡಿಯೇಟರ್ ಮುಚ್ಚಳಕ್ಕೆ ಬೆಸೆದ ಒಂದು ತಗಡಿನ ಡಬ್ಬಿಯೇ ಸದಸ್ಯತ್ವದ ಗುರುತು. ಊರವರ ಕುಹಕ ಎಂದರೆ, ಇವರು ಒಂದು ಅಂಗಿ, ಒಂದು ನೋಟು ಹಿಡಿದುಕೊಂಡು ಬರುತ್ತಾರೆ, ಎರಡನ್ನೂ ಬದಲಿಸದೆ ವಾಪಸು ಹೋಗುತ್ತಾರೆ ಎಂದು. ಆ ಕಾಲದಲ್ಲಿ ಸಾವಿರಾರು ಊರುಗಳ ಪುರಸಭೆಗಳು ಬರುವವರಿಗೆಂದು ಬಿಟ್ಟಿ ಕ್ಯಾಂಪುಗಳನ್ನು ಮಾಡಿದ್ದವು. ಬಂದವರು ಅಂಗಡಿಯಲ್ಲಿ ಖರ್ಚು ಮಾಡಲಿ ಎಂಬ ಲೆಕ್ಕ. ಕೆಲಸ ಹುಡುಕಿಕೊಂಡು ಹಳೆಯ ಕಾರಿನಲ್ಲಿ ಬರುವ ಬಡ ಸಂಸಾರಗಳೂ ಅಲ್ಲೇ ತಂಗತೊಡಗಿದಾಗ, 1920ರ ದಶಕದ ನಡುವಿನ ಹೊತ್ತಿಗೆ ಒಂದೊಂದೇ ಊರು ದಿನಕ್ಕಿಷ್ಟು ಎಂದು ಶುಲ್ಕ ಹಾಕಿತು, ಇಷ್ಟೇ ದಿನ ಎಂದು ಮಿತಿ ಇಟ್ಟಿತು. ಶುಲ್ಕ ಹಾಕಿದ್ದು ದುಡ್ಡಿಗಿಂತ ಹೆಚ್ಚಾಗಿ ಯಾರು ಬರಬಾರದು ಎಂಬುದಕ್ಕೆ.

ಇತಿಹಾಸದಲ್ಲಿ ಕೆಲವು ವರ್ಷಗಳು ಒಂದರ ಮೇಲೊಂದು ಬಂದು ಕೂರುತ್ತವೆ. 1936 ಅಂಥದ್ದು. ಆ ವರ್ಷ ವಾಲಿ ಬಯಮ್ ಎಂಬಾತನ ಏರ್‌ಸ್ಟ್ರೀಮ್ ಕಂಪನಿ ಕಾರಿನ ಹಿಂದೆ ಎಳೆಯುವ, ಬೆಳ್ಳಿಯ ಮೊಟ್ಟೆಯಂತೆ ಹೊಳೆಯುವ ಅಲ್ಯೂಮಿನಿಯಂ ಮನೆ ‘ಕ್ಲಿಪ್ಪರ್’ ಅನ್ನು 1,200 ಡಾಲರಿಗೆ ಮಾರತೊಡಗಿತು. ನಾಲ್ವರು ಮಲಗಬಹುದು, ವಿದ್ಯುದ್ದೀಪವಿದೆ. ಅದೇ ವರ್ಷ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸ್ ಮುಖ್ಯಸ್ಥ ತನ್ನ ನೂರಕ್ಕೂ ಹೆಚ್ಚು ಪೊಲೀಸರನ್ನು ನೂರಾರು ಮೈಲು ದೂರದ ರಾಜ್ಯದ ಗಡಿಗಳಿಗೆ ಕಳಿಸಿದ. ಧೂಳಿನ ಬರಕ್ಕೆ ಹೊಲ ಕಳೆದುಕೊಂಡು, ಹಾಸಿಗೆ ಪಾತ್ರೆ ಕಾರಿಗೆ ಕಟ್ಟಿಕೊಂಡು ಬರುತ್ತಿದ್ದ ಸಂಸಾರಗಳನ್ನು, ಕೈಯಲ್ಲಿ ಕಾಸಿಲ್ಲದಿದ್ದರೆ ಹಿಂದಕ್ಕಟ್ಟುವುದು ಅವರ ಕೆಲಸ. ಎರಡೂ ಕಾರಿನ ಹಿಂದೆ ಮನೆಯೇ. ಮತ್ತೆ ಅದೇ ವರ್ಷ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ವಾಸವಾಗಿದ್ದ, ಅಂಚೆ ಹಂಚುವ ಕೆಲಸದ ವಿಕ್ಟರ್ ಗ್ರೀನ್ ಎಂಬ ಕಪ್ಪು ಮನುಷ್ಯ ತೆಳ್ಳನೆಯ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ಕಪ್ಪು ಪ್ರವಾಸಿಗರು ಎಲ್ಲಿ ತಂಗಬಹುದು, ಎಲ್ಲಿ ಉಣ್ಣಬಹುದು, ಯಾವ ಬಂಕಿನಲ್ಲಿ ಪೆಟ್ರೋಲ್ ಹಾಕುತ್ತಾರೆ ಎಂಬುದರ ಪಟ್ಟಿ ಅದು. ಸುಮಾರು ಮೂವತ್ತು ವರ್ಷ ‘ಗ್ರೀನ್ ಬುಕ್’ ಹೊರಬರುತ್ತಲೇ ಇತ್ತು. ಪಟ್ಟಿಯಲ್ಲಿಲ್ಲದ ಊರಲ್ಲಿ ರಾತ್ರಿಯಾದರೆ ಕಾರೇ ಮನೆ. ಆ ಸಂಸಾರಗಳು ಬುತ್ತಿ, ಹೊದಿಕೆ, ಪೆಟ್ರೋಲಿನ ಡಬ್ಬಿ ಕಟ್ಟಿಕೊಂಡು ಹೊರಡುತ್ತಿದ್ದದ್ದು ಪಿಕ್ನಿಕ್ಕಿನ ಉಮೇದಿಗಲ್ಲ. ರಾಷ್ಟ್ರೀಯ ಉದ್ಯಾನಗಳೂ ಹೊರತಲ್ಲ. ವರ್ಜೀನಿಯಾದ ಶೆನಂಡೋವಾದಲ್ಲಿ 1939ರಲ್ಲಿ ತೆರೆದ ಲೂಯಿಸ್ ಮೌಂಟನ್ ಕ್ಯಾಂಪು ಕಪ್ಪು ಜನರಿಗೆಂದೇ ಬೇರೆಯಾಗಿ ಮಾಡಿದ್ದು.

ಯುದ್ಧ ಮುಗಿದ ಮೇಲಿನದು ನಮಗೆಲ್ಲ ಸಿನಿಮಾದಿಂದ ಪರಿಚಿತ. 1956ರ ಕಾಯಿದೆಯಿಂದ 41,000 ಮೈಲು ಹೆದ್ದಾರಿ, ಮಧ್ಯಮ ವರ್ಗಕ್ಕೆ ಸಂಬಳದ ರಜೆ. ಮಿಶಿಗನ್ನಿನ ರೇ ಫ್ರ್ಯಾಂಕ್ 1958ರಲ್ಲಿ ತನ್ನ ಮನೆಯವರಿಗೆಂದು ಒಂದು ಗಾಡಿ ಕಟ್ಟಿ ಅದನ್ನು ‘ಮೋಟರ್ ಹೋಮ್’ ಎಂದ. ನೋಡಿದವರೆಲ್ಲ ನಮಗೂ ಬೇಕು ಎಂದರು, ಕಾರ್ಖಾನೆ ಆಯಿತು. ಅದನ್ನು ಮಧ್ಯಮ ವರ್ಗಕ್ಕೆ ಇಳಿಸಿದವನು ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಪುಟ್ಟ ಊರಿನ ಪೀಠೋಪಕರಣದ ವ್ಯಾಪಾರಿ ಜಾನ್ ಹ್ಯಾನ್ಸನ್. 1966ರಿಂದ ಅವನ ಕಾರ್ಖಾನೆಯ ಜೋಡಣಾ ಸಾಲಿನಲ್ಲಿ ಮೋಟರ್‌ಹೋಮುಗಳು ಇಳಿಯತೊಡಗಿ, ಡಾಲ್ಡಾ, ಕ್ಸೆರಾಕ್ಸ್‌ಗಳಂತೆ ಅವನ ಕಂಪನಿಯ ಹೆಸರೇ ಗಾಡಿಯ ಹೆಸರಾಯಿತು: ವಿನ್ನೆಬೇಗೊ.

ಆ ಹೆಸರಿನ ಮೇಲೆ ನಾನು ಬಹಳ ಹೊತ್ತು ನಿಂತೆ. ಕಂಪನಿ ಇರುವ ಜಿಲ್ಲೆ ವಿನ್ನೆಬೇಗೊ ಕೌಂಟಿ, ಅದಕ್ಕೆ ಹೆಸರು ಬಂದದ್ದು ಆದಿವಾಸಿ ಜನಾಂಗವೊಂದರಿಂದ. ತಮ್ಮನ್ನು ತಾವು ಹೋ-ಚಂಕ್ ಎಂದುಕೊಳ್ಳುವ ಆ ಜನ ವಿಸ್ಕಾನ್ಸಿನ್ನಿನವರು. 1840ರಲ್ಲಿ ಸೈನ್ಯ ಅವರನ್ನು ಅಯೋವಾಕ್ಕೆ ಸಾಗಿಸಿತು. ಕೆಲವೇ ವರ್ಷಕ್ಕೆ ಅಲ್ಲಿಂದ ಎಬ್ಬಿಸಿ ಮಿನೆಸೋಟದ ನಡುಭಾಗಕ್ಕೆ. 1855ರಲ್ಲಿ ಮಿನೆಸೋಟದ ದಕ್ಷಿಣಕ್ಕೆ. ಅಲ್ಲಿನ ಮಣ್ಣು ಒಳ್ಳೆಯದಿತ್ತು, ಬಿಳಿಯರ ಕಣ್ಣು ಬಿತ್ತು. 1863ರಲ್ಲಿ ದಕ್ಷಿಣ ಡಕೋಟದ ಬರಡು ನೆಲವಾದ ಕ್ರೋ ಕ್ರೀಕಿಗೆ. ಹಸಿವಿಗೆ ಸತ್ತವರು ಸತ್ತರು. ಉಳಿದವರಲ್ಲಿ ಅನೇಕರು ಮಿಸೌರಿ ನದಿಯಲ್ಲಿ ದೋಣಿ ಹತ್ತಿ ನೆಬ್ರಾಸ್ಕಾಕ್ಕೆ ಓಡಿಹೋದರು, 1865ರಲ್ಲಿ ಅಲ್ಲಿ ಅವರಿಗೊಂದು ರಿಸರ್ವೇಶನ್ ಆಯಿತು. ಇಪ್ಪತ್ತೈದು ವರ್ಷದಲ್ಲಿ ಐದು ಕಡೆ. ಆ ಜನರ ಹೆಸರನ್ನು ಮೋಟರ್‌ಹೋಮಿನ ಹಣೆಯ ಮೇಲೆ ಬರೆದದ್ದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಯಾರೂ ಯೋಚಿಸಲಿಲ್ಲ, ಅಷ್ಟೇ. ನಾನು ನನ್ನೂರಿನ ಓಣಿಯ ಹೆಸರನ್ನು ಯೋಚಿಸದ ಹಾಗೆ.

ಬ್ರಿಟನ್ನಿಗೆ ಒಮ್ಮೆ ವಾಪಸು ಹೋಗಬೇಕು, ಯಾಕೆಂದರೆ ನನ್ನ ಮಾತಿಗೆ ಅಲ್ಲಿನ 1960ರ ಕ್ಯಾರವಾನ್ ಸೈಟ್ಸ್ ಕಾಯಿದೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಲೈಸೆನ್ಸ್ ಇಲ್ಲದ ಜಾಗದಲ್ಲಿ ಕ್ಯಾರವಾನ್ ಇಡುವಂತಿಲ್ಲ ಎಂದ ಆ ಕಾಯಿದೆ, ಊರ ಗೋಮಾಳಗಳನ್ನು ಮುಚ್ಚುವ ಅಧಿಕಾರವನ್ನು ಸ್ಥಳೀಯ ಆಡಳಿತಗಳಿಗೆ ಕೊಟ್ಟಿತು. ಜಿಪ್ಸಿಗಳು ತಲೆಮಾರುಗಳಿಂದ ತಂಗುತ್ತಿದ್ದ ಜಾಗಗಳು ಒಂದೊಂದಾಗಿ ಹೋದವು. ಅದೇ ಕಾಯಿದೆಯಲ್ಲಿ ವಿನಾಯಿತಿಯ ಪಟ್ಟಿಯೂ ಇದೆ. ಮಾನ್ಯತೆ ಪಡೆದ ವಿಹಾರದ ಕ್ಲಬ್ಬುಗಳು ತಮ್ಮ ಸದಸ್ಯರಿಗಾಗಿ ರೈತರ ಹೊಲಗಳಲ್ಲಿ ಐದು ಕ್ಯಾರವಾನುಗಳವರೆಗೆ ನಿಲ್ಲಿಸುವ ಜಾಗಗಳನ್ನು ತಾವೇ ಪ್ರಮಾಣೀಕರಿಸಬಹುದು. ಡಾಕ್ಟರ್ ಸ್ಟೇಬಲ್ಸ್ ಉಪಾಧ್ಯಕ್ಷನಾಗಿದ್ದ ಕ್ಲಬ್ಬಿಗೂ ಆ ವಿನಾಯಿತಿ ಸಿಕ್ಕಿತು. ಜಿಪ್ಸಿಗಳಿಗೆ ಜಾಗ ಒದಗಿಸುವುದು ಕೌನ್ಸಿಲುಗಳ ಕರ್ತವ್ಯ ಎಂದು 1968ರಲ್ಲಿ ಇನ್ನೊಂದು ಕಾಯಿದೆ ಬಂತು, 1994ರಲ್ಲಿ ಆ ಕರ್ತವ್ಯವನ್ನು ತೆಗೆದುಹಾಕಿದರು. 2022ರಿಂದ ಅನುಮತಿ ಇಲ್ಲದ ಜಾಗದಲ್ಲಿ ಗಾಡಿ ಸಮೇತ ತಂಗಿ, ಏಳು ಎಂದಾಗ ಏಳದಿದ್ದರೆ ಗಾಡಿಯನ್ನೇ ವಶಪಡಿಸಿಕೊಳ್ಳುವ ಅಧಿಕಾರ ಪೊಲೀಸರಿಗಿದೆ.

ನಾವು ಯೆಲ್ಲೋಸ್ಟೋನಿನಲ್ಲಿ ತಂಗಿದ್ದು ಫಿಶಿಂಗ್ ಬ್ರಿಜ್ ಎಂಬ ಕ್ಯಾಂಪಿನಲ್ಲಿ. ಗ್ರಿಜ್ಲಿ ಕರಡಿಗಳ ಓಡಾಟದ ಜಾಗವಾದ್ದರಿಂದ ಅಲ್ಲಿ ಬಟ್ಟೆಯ ಡೇರೆಗೆ ಅವಕಾಶವಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ. ನಾಲ್ಕು ತಿಂಗಳ ಮುಂಚೆ ಕಾದಿರಿಸಿದ್ದೆ. ಸಂಜೆ ಅವ್ವ ಹೊರಗೆ ಕುರ್ಚಿ ಹಾಕಿಕೊಂಡು ಬೆಳ್ಳುಳ್ಳಿ ಬಿಡಿಸಿದಳು, ಪಕ್ಕದ ಗಾಡಿಯ ಅಜ್ಜಿ ಬಂದು ನಮ್ಮ ಜೋಳದ ರೊಟ್ಟಿಯ ಬಗ್ಗೆ ವಿಚಾರಿಸಿದಳು. ಅವಳ ಕಡೆಯವರು ಮಲಗುವಾಗ ಗಾಡಿಯ ಬಾಗಿಲು ಹಾಕುತ್ತಿರಲಿಲ್ಲವಂತೆ, ಕರಡಿಯ ಭಯ ಹೇಳಿದರೆ ನಕ್ಕಳು. ಹೊರಡುವ ದಿನ ಬೆಳಿಗ್ಗೆ ನಾನು ಕೈಗೆ ರಬ್ಬರಿನ ಗ್ಲೌಸ್ ಹಾಕಿಕೊಂಡು ಪಾಯಖಾನೆಯ ಟ್ಯಾಂಕಿಗೆ ದಪ್ಪ ಪೈಪು ಜೋಡಿಸಿ ಚರಂಡಿಗೆ ಬಿಡುತ್ತಿದ್ದೆ. ಸಾಲಿನುದ್ದಕ್ಕೂ ವಕೀಲರು, ಡಾಕ್ಟರುಗಳು ಅದೇ ಕೆಲಸ ಮಾಡುತ್ತಿದ್ದರು. ಅಪ್ಪ ಕೈ ಕಟ್ಟಿ ನೋಡುತ್ತ ನಿಂತಿದ್ದರು. “ನಿನ್ನ ಎಂ.ಟೆಕ್. ಇವತ್ತ ಉಪಯೋಗಕ್ಕ ಬಂತು ನೋಡು” ಎಂದು ನಕ್ಕರು. ಆಮೇಲೆ, “ತನ್ನ ಹೊಲಸು ತಾನ ತೆಗೀಬೇಕು ಅನ್ನೋ ಕಾಯಿದೆ ಛಲೋ ಐತಿ. ನಮ್ಮಲ್ಲಿ ಯಾಕ ಮಾಡಲಿಲ್ಲೋ” ಎಂದರು. ನಾನು ಪೈಪು ತೊಳೆಯುತ್ತಿದ್ದೆ, ಉತ್ತರ ಹೇಳಲಿಲ್ಲ.

2008ರ ಆರ್ಥಿಕ ಕುಸಿತದಲ್ಲಿ ಮನೆ ಕಳೆದುಕೊಂಡು ವ್ಯಾನುಗಳಲ್ಲೇ ಬದುಕುವ ಅಮೆರಿಕದ ವಯಸ್ಸಾದವರ ಬಗ್ಗೆ ‘ನೊಮ್ಯಾಡ್‌ಲ್ಯಾಂಡ್’ ಸಿನಿಮಾದಿಂದ ನಿಮಗೆ ಗೊತ್ತಿದ್ದೀತು. 2021ರಲ್ಲಿ ಅದಕ್ಕೆ ಆಸ್ಕರ್ ಬಂತು. ರಾತ್ರಿ ಕಿಟಕಿ ಬಡಿಯುವ ಸದ್ದು ಅಲ್ಲಿ ಹೊಸದಲ್ಲ. ಅದೇ ವರ್ಷ ನಮ್ಮ ಕೇರಳ ‘ಕೇರವಾನ್’ ಎಂಬ ಮುದ್ದು ಹೆಸರಿನಲ್ಲಿ, ಮಹಾರಾಷ್ಟ್ರ ತನ್ನದೇ ಧೋರಣೆಯಾಗಿ ಕ್ಯಾರವಾನ್ ಪ್ರವಾಸೋದ್ಯಮವನ್ನು ಘೋಷಿಸಿದವು. ಗಾಡಿಗೆ ನಿಲ್ಲಲು ಪಾರ್ಕು, ಕರೆಂಟು, ನೀರು, ಭದ್ರತೆ. ಎಲ್ಲ ಸರಿಯಾಗಿಯೇ ಯೋಚಿಸಿದ್ದಾರೆ.

ಅಪ್ಪ ಈಗಿಲ್ಲ. 2022ರ ನವೆಂಬರಿನಲ್ಲಿ ಅವರ ಪುಣ್ಯತಿಥಿಗೆ ಪುಣೆಯಿಂದ ಗದಗಿಗೆ ಹೊರಟಾಗ, ಅವ್ವನ ಮೊಣಕಾಲು ತೀರ ಸೋತಿದ್ದರಿಂದ ಟೆಂಪೋವನ್ನು ಕ್ಯಾರವಾನ್ ಮಾಡಿದ್ದ ಗಾಡಿಯೊಂದನ್ನು ಡ್ರೈವರ್ ಸಮೇತ ಬಾಡಿಗೆಗೆ ತಂದೆ. ಎಂಟು ವರ್ಷದ ಹಿಂದೆ ಮೂಗು ಮುರಿದಿದ್ದ ಅವ್ವ ಈ ಸಲ ಅಡುಗೆಕಟ್ಟೆಯ ಪಕ್ಕದ ಪಾಯಖಾನೆಗೆ ತಾನಾಗಿಯೇ ಹೋಗಿ ಬಂದು, “ಛಲೋ ಆತು” ಎಂದಳು. ಸಂಜೆಯ ಹೊತ್ತಿಗೆ ನಿಪ್ಪಾಣಿ ದಾಟಿ ಒಂದು ಪೆಟ್ರೋಲ್ ಬಂಕಿನ ಆವರಣಕ್ಕೆ ಬಂದೆವು. ಕಾವಲುಗಾರ ಗಾಡಿ ನೋಡಿ ಖುಷಿಯಾಗಿ, “ಸಾಹೇಬ್ರ, ಇಲ್ಲೇ ಹಚ್ರಿ, ವೈರ್ ಕೊಡ್ತೀನಿ” ಎಂದ. ಎಸಿ ಶುರುವಾಯಿತು.

ಹತ್ತು ನಿಮಿಷಕ್ಕೆ ಒಂದು ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಬಂತು. ಕಬ್ಬು ಕಡಿಯುವವರು. ದಸರೆ ದೀಪಾವಳಿ ಆದಮೇಲೆ ಬೀಡ್‌ ಕಡೆಯಿಂದ, ನಮ್ಮ ಬಿಜಾಪುರದ ಕಡೆಯಿಂದ ಹೊರಟು ಸಕ್ಕರೆ ಕಾರ್ಖಾನೆಗಳ ಸೀಮೆಗೆ ಬರುತ್ತಾರೆ, ಕಬ್ಬಿನ ಹಂಗಾಮು ಮುಗಿಯುವವರೆಗೆ ಹೊಲದ ಬದಿ ಗುಡಿಸಲು ಹಾಕಿಕೊಂಡಿರುತ್ತಾರೆ. ಟ್ರೇಲರಿನಲ್ಲಿ ಗುಡಿಸಲಿನ ಬಿದಿರು, ತಾಡಪತ್ರಿ, ಹಂಡೆ, ಒಂದು ತೊಟ್ಟಿಲು, ಬುಟ್ಟಿಯಲ್ಲಿ ಕೋಳಿ, ಅದರ ಮೇಲೆ ಮಕ್ಕಳು. “ಏ, ಇಲ್ಲಿ ಬ್ಯಾಡ, ಮುಂದ ಹೋಗು” ಎಂದು ಅದೇ ಕಾವಲುಗಾರ ಟಾರ್ಚ್ ಬೀಸಿದ. ಒಬ್ಬಳು ಕೊಡ ಹಿಡಿದು ಇಳಿದು ನೀರು ಕೇಳಿದಳು. ಒಂದು ಕೊಡಕ್ಕೆ ಬಿಟ್ಟ. ನನ್ನ ಮಗಳು ಕಿಟಕಿಯಿಂದ ನೋಡುತ್ತಿದ್ದಳು. ನಾನು ಇಳಿದು ಕಾವಲುಗಾರನಿಗೆ, ಒಂದು ರಾತ್ರಿ ಇರಲಿ ಬಿಡಪ್ಪ ಎಂದು ಹೇಳಬಹುದಾಗಿತ್ತು. ಹೇಳಬೇಕೆಂದು ಚಪ್ಪಲಿ ಹುಡುಕುವಷ್ಟರಲ್ಲಿ ಟ್ರ್ಯಾಕ್ಟರ್ ಹೊರಟಿತು. ಚಪ್ಪಲಿ ಕಾಲ ಬುಡದಲ್ಲೇ ಇತ್ತು.

ಬೆಳಿಗ್ಗೆ ಏಳಕ್ಕೆ ಹೊರಟೆವು. ಎರಡು ಕಿಲೋಮೀಟರ್ ಮುಂದೆ, ಹೆದ್ದಾರಿಯ ಅಂಚಿನ ಜಾಲಿಗಿಡದ ಕೆಳಗೆ ಅದೇ ಟ್ರ್ಯಾಕ್ಟರ್ ಇತ್ತು. ಮೂರು ಕಲ್ಲಿನ ಒಲೆಯಲ್ಲಿ ಹೊಗೆ, ತೊಟ್ಟಿಲನ್ನು ಟ್ರೇಲರಿನ ಕೊಕ್ಕೆಗೆ ಕಟ್ಟಿದ್ದರು. “ನಿಲ್ಲಸು” ಎಂದಳು ಅವ್ವ, ಹಿಂದಿನ ದಿನದ ರೊಟ್ಟಿಯ ಗಂಟನ್ನು ಕೈಗೆ ತೆಗೆದುಕೊಳ್ಳುತ್ತ. ಡ್ರೈವರ್ ಕನ್ನಡಿ ನೋಡಿದ. ಹಿಂದೆ ಲಾರಿಯೊಂದು ಹಾರ್ನ್ ಹೊಡೆಯುತ್ತಿತ್ತು, ಪಕ್ಕಕ್ಕೆ ತೆಗೆದುಕೊಳ್ಳಲು ಜಾಗವಿರಲಿಲ್ಲ.